ನಿನ್ನೆಯ ಊರಿಗೆ ಒಂದು ಪುಟ

ನಾನು ಆ ಊರಿಗೆ ಫೋನ್ ಮಾಡಿದಾಗಲೆಲ್ಲ ಅಲ್ಲಿ ಇನ್ನೂ ನಿನ್ನೆಯೇ ಇರುತ್ತಿತ್ತು. ಇಲ್ಲಿ ಸಿಂಗಾಪುರದ ಹೌಗಾಂಗಿನ ನನ್ನ ಫ್ಲ್ಯಾಟಿನಲ್ಲಿ ಬೆಳಗಿನ ಕಾಫಿ ಸೋಸಿಕೊಂಡು ಕಿಟಕಿಯ ಪಕ್ಕ ಕೂತರೆ, ಅಮೆರಿಕದ ನಡುಭಾಗದ ಆ ಪುಟ್ಟ ಊರಿನಲ್ಲಿ ಹಿಂದಿನ ದಿನದ ಸಂಜೆ. ಅಲ್ಲಿನ ಲೈಬ್ರೇರಿಯನ್ ಫೋನೆತ್ತಿ ಗುಡ್ ಈವ್ನಿಂಗ್ ಅನ್ನುತ್ತಿದ್ದರು, ನಾನು ಗುಡ್ ಮಾರ್ನಿಂಗ್ ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಅವರ ಕಿಟಕಿಯಾಚೆ ಮುಳುಗುತ್ತಿದ್ದ ಸೂರ್ಯನೇ ನನ್ನ ಕಿಟಕಿಯಲ್ಲಿ, ಎದುರಿನ ಬ್ಲಾಕಿನ ಒಣಹಾಕಿದ ಬಟ್ಟೆಗಳ ನಡುವೆ, ಏಳುತ್ತಿದ್ದ.

ತಂಜಾಂಗ್ ಪಗಾರ್ ಬಡಾವಣೆಯ, ಕೆಳಗೆ ಅಂಗಡಿಯಿರುವ ಹಳೆಯ ಶಾಪ್‌ಹೌಸ್ ಒಂದರ ಮಹಡಿಯಲ್ಲಿ ನಮ್ಮ ಆಫೀಸು. ಕಂಪನಿಗಳು ತಮ್ಮ ನೌಕರರನ್ನು ದೂರದ ಊರುಗಳಿಗೆ ವರ್ಗ ಮಾಡಿದಾಗ ಮನೆ, ಶಾಲೆ, ವೀಸಾ, ಸಾಮಾನು ಸಾಗಾಣಿಕೆ ಎಲ್ಲ ನೋಡಿಕೊಳ್ಳುವುದು ನಮ್ಮ ಕಸುಬು. ಅದರಲ್ಲಿ ನನ್ನದು ಚಿಕ್ಕ ಪಾಲು. ಹೋಗುವವರ ಕೈಗೆ ಕೊಡಲು ಆ ಊರಿನ ಓವರ್‌ವ್ಯೂ, ಅಂದರೆ ಚಿಕ್ಕ ಪರಿಚಯ, ಬರೆಯುವುದು. ಹೋಗಿ ನೋಡಿ ಬರೆಯುವುದಲ್ಲ. ವಾರಕ್ಕೆರಡು ದಿನ ಆಫೀಸಿನಲ್ಲಿ, ಉಳಿದ ದಿನ ಮನೆಯಲ್ಲಿ, ಕೂತಲ್ಲಿಂದಲೇ.

ನನ್ನ ಕ್ರಮ ಇಷ್ಟೇ. ಮೊದಲು ಮ್ಯಾಪ್ ತೆರೆದು ಊರಿನ ಬೀದಿಗಳಲ್ಲಿ ಕಂಪ್ಯೂಟರಿನ ಮೇಲೇ ನಡೆಯುತ್ತೇನೆ, ಅಂಗಡಿಗಳ ಬಾಗಿಲು ಯಾವ ಕಡೆಗಿವೆ ಎಂದು ಬಾಯಿಪಾಠವಾಗುವವರೆಗೆ. ಆಮೇಲೆ ಊರಿನ ವಾರಪತ್ರಿಕೆಯ ಹಳೆಯ ಸಂಚಿಕೆಗಳು. ಒಂದು ಊರು ತಾನು ಏನೆಂದು ಹೇಳಿಕೊಳ್ಳುವುದು ಅದರ ವೆಬ್‌ಸೈಟಿನಲ್ಲಿ, ನಿಜವಾಗಿ ಏನು ಎಂಬುದು ಅದರ ನಿಧನವಾರ್ತೆಗಳಲ್ಲಿ. ಯಾರು ಶಾಲೆಯ ಬಸ್ ಓಡಿಸಿದರು, ಯಾರು ಮಾಡಿದ ಹಣ್ಣಿನ ಪೈಗೆ ಪ್ರತಿವರ್ಷ ಬಹುಮಾನ ಬಂತು, ಎಲ್ಲ ಅಲ್ಲಿರುತ್ತದೆ. ಕೊನೆಗೆ ಲೈಬ್ರರಿ, ಶಾಲೆಯ ಆಫೀಸು, ಹಾರ್ಡ್‌ವೇರ್ ಅಂಗಡಿಗೆ ಫೋನ್. ಎಲ್ಲರಿಗೂ ನಾನು ಕೇಳುವ ಪ್ರಶ್ನೆ ಒಂದಿದೆ: ಕರೆಂಟ್ ಹೋದರೆ ನೀವು ಯಾರ ಮನೆಗೆ ಹೋಗುತ್ತೀರಿ? ಅದಕ್ಕೆ ಬರುವ ಉತ್ತರದಿಂದ ಊರು ಕಣ್ಣಿಗೆ ಕಟ್ಟುತ್ತದೆ.

ಬರೆದ ಮೇಲೆ ನಮ್ಮ ಮ್ಯಾನೇಜರ್ ನೋಡುತ್ತಾಳೆ. ಸಿಂಗಾಪುರದಲ್ಲೇ ಬೆಳೆದ ಕನ್ನಡದ ಹುಡುಗಿ, ನನ್ನ ಮಗಳಾಗುವ ವಯಸ್ಸು. ವಿಶೇಷಣಗಳನ್ನೆಲ್ಲ ಅಳಿಸುತ್ತಾಳೆ. "ಲವ್ಲಿ ಬೇಡ ಆಂಟಿ. ಆಮೇಲೆ ಯಾರಾದ್ರೂ ಹೋಗಿ ನೋಡಿ, ನಾಟ್ ಲವ್ಲಿ ಅಂತ ಕಂಪ್ಲೇಂಟ್ ಮಾಡ್ತಾರೆ." ಯಾವ ಧರ್ಮದವರು, ಯಾವ ಬಣ್ಣದವರು ಎಷ್ಟಿದ್ದಾರೆ ಎಂದೂ ಬರೆಯುವಂತಿಲ್ಲ. ಅದು ಆಫೀಸಿನ ನಿಯಮ, ಸರಿಯಾದ ನಿಯಮವೇ.

ಆದರೂ ಆ ಊರನ್ನು ಬರೆಯುವಾಗ ಲವ್ಲಿ ಎಂಬ ಪದ ಮತ್ತೆ ಮತ್ತೆ ಬೆರಳಿಗೆ ಬರುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಜಾಗ್ರಫಿ ಹೇಳಿಕೊಡುತ್ತಿದ್ದ ಸಿಸ್ಟರ್ ಕೋಲಿನ ತುದಿಯನ್ನು ಅಮೆರಿಕದ ನಟ್ಟನಡುವೆ ಇಟ್ಟು, ಕಣ್ಣು ಅರೆ ಮುಚ್ಚಿ, "ದಿ ಪ್ರೇರಿ, ಗರ್ಲ್ಸ್" ಅನ್ನುತ್ತಿದ್ದರು. ಅವರೂ ಹೋಗಿರಲಿಲ್ಲ, ಪಾಪ. ಆ ಮ್ಯಾಪಿನಲ್ಲಿ ಆ ಹುಲ್ಲುಬಯಲು ಬರೀ ತಿಳಿಹಸಿರು. ಈಗ ಆ ತಿಳಿಹಸಿರಿನ ಒಳಗೆ ನನಗೊಂದು ಊರು ಸಿಕ್ಕಿತ್ತು. ಸುತ್ತ ಮೆಕ್ಕೆಜೋಳದ ಹೊಲ. ಕೆಂಪು ಇಟ್ಟಿಗೆಯ ಅಂಗಡಿಗಳ ಒಂದೇ ಒಂದು ಬೀದಿ, ಅದರ ತುದಿಗೆ ಜೋಳ ತುಂಬುವ ಬಿಳಿಯ ಗೋಪುರ. ಅದಕ್ಕೆ ಅವರು ಎಲಿವೇಟರ್ ಅನ್ನುತ್ತಾರೆ. ಗೂಡ್ಸ್ ರೈಲು ಮಾತ್ರ ಹಾಯುವ ಹಳಿ. ಶುಕ್ರವಾರ ಸಂಜೆ ಶಾಲೆಯ ಫುಟ್‌ಬಾಲಿಗೆ ಊರೆಲ್ಲ ಕಂಬಳಿ ಹೊದ್ದು ಕೂರುತ್ತದೆ. ಸಂಬಳದ ಅಗ್ನಿಶಾಮಕದವರಿಲ್ಲ. ಸೈರನ್ ಕೂಗಿದರೆ ಔಷಧಿ ಅಂಗಡಿಯವನು, ಬ್ಯಾಂಕಿನ ಗುಮಾಸ್ತ, ಬಸ್ ಡ್ರೈವರ್ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಾರೆ. ಸುಗ್ಗಿಯ ಕಾಲಕ್ಕೆ ಫೈರ್ ಎಂಜಿನುಗಳನ್ನು ಹೊರಗೆ ನಿಲ್ಲಿಸಿ, ಆ ಜಾಗದಲ್ಲಿ ಉದ್ದನೆಯ ಮೇಜು ಹಾಕಿ ಊರೂಟ. ಎಲ್ಲರೂ ಒಂದೊಂದು ಅಡುಗೆ ಮಾಡಿ ತರುತ್ತಾರೆ. ಎಂಆರ್‌ಟಿ ರೈಲಿನಲ್ಲಿ ನಿಂತು ತೂಗುತ್ತಾ ಬರುವಾಗ ನಾನು ಎಷ್ಟೋ ಸಲ ಆ ಮೇಜಿನ ಪಕ್ಕ ಕೂತಿದ್ದೇನೆ.

ಈ ಓವರ್‌ವ್ಯೂ ಹಿಡಿದು ಅಲ್ಲಿಗೆ ಹೋದದ್ದು ಒಂದು ಪುಟ್ಟ ಸಂಸಾರ. ಗಂಡ ಯಂತ್ರಗಳ ಎಂಜಿನಿಯರ್, ಎರಡು ವರ್ಷ ಅಲ್ಲಿನ ಕಾರ್ಖಾನೆಯಲ್ಲಿರಬೇಕು. ಹೆಂಡತಿ ದಾವಣಗೆರೆಯವಳು. ನಾಲ್ಕು ವರ್ಷದ ಮಗಳಿಗೆ ಅಪ್ಪನ ಹೆಗಲೇ ಕುರ್ಚಿ. ಹೊರಡುವ ಮೊದಲು ಹೆಂಡತಿ ಆಫೀಸಿಗೆ ಬಂದಿದ್ದಾಗ ಫೈರ್ ಸ್ಟೇಷನ್ ಊಟದ ಪ್ಯಾರಾವನ್ನೇ ಎರಡು ಸಲ ಓದಿ, "ನಮ್ಮೂರ್ ಕಡೆ ಥರಾನೇ ಇದೆಯಲ್ರೀ ಆಂಟಿ," ಅಂದಿದ್ದಳು. ಜುಲೈನಲ್ಲಿ ಹೊರಟರು.

ಒಂದು ತಿಂಗಳು ದಾಟಿರಬೇಕು. ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು ನಿಂತಳು. "ಆಂಟಿ, ಆ ದಾವಣಗೆರೆ ಫ್ಯಾಮಿಲಿ. ವೈಫ್ ವಾಪಸ್ ಬರ್ತೀನಿ ಅಂತಿದ್ದಾರೆ. ಹಸ್ಬೆಂಡ್ ಬರೋ ಹಾಗಿಲ್ಲ. ಮಗು ಅಮ್ಮನ ಜೊತೆ ಬಂದುಬಿಟ್ರೆ ಎರಡು ವರ್ಷ ಅಪ್ಪ ಸ್ಕ್ರೀನ್‌ನಲ್ಲಿ ಮಾತ್ರ. ನಾವು ಮಾತಾಡಿ ಕಂಪನಿಗೆ ರಿಪೋರ್ಟ್ ಕೊಡ್ಬೇಕಂತೆ, ವಾಪಸ್ ಕಳಿಸ್ಬೇಕೋ ಬೇಡ್ವೋ ಅಂತ. ನೀವೇ ಮಾತಾಡಿ. ನನ್ನ ಕನ್ನಡ ಕೇಳಿದ್ರೆ ಇನ್ನೂ ಬೇಜಾರಾಗ್ತಾರೆ."

ಮರುದಿನ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ನಿನ್ನೆಯ ಸಂಜೆ. ಅವಳು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಹಣೆಗಿಟ್ಟುಕೊಂಡು ಕೂತಿದ್ದಳು. ನನಗಾಗಿ ಸಿಂಗರಿಸಿಕೊಂಡಿದ್ದಾಳೆ ಅಂದುಕೊಂಡೆ.

"ಎಲ್ಲಿಗಾದರೂ ಹೊರಟಿದ್ದೀಯಾ?"

"ಇಲ್ಲ ಆಂಟಿ. ಸಂಜೆ ಯಾರಾದ್ರೂ ಬರ್ತಾರೇನೋ ಅಂತ ರೆಡಿಯಾಗಿ ಕೂರ್ತೀನಿ. ಹಾಲು ಕಾಯ್ಸಿಟ್ಟಿರ್ತೀನಿ. ಹೊಸಬರು ಬಂದಿದ್ದಾರೆ ಅಂತ ಊರಿಗೆಲ್ಲ ಗೊತ್ತು. ದಾರೀಲಿ ಕೈ ಬೀಸ್ತಾರೆ, ನಗ್ತಾರೆ. ಒಬ್ರೂ ಬಾಗಿಲಿಗೆ ಬರಲ್ಲ."

ಹಿಂದಿನಿಂದ ಮಗಳ ದನಿ ಕೇಳಿತು. "ಇವತ್ತೂ ಯಾರೂ ಬರಲ್ವಾಮ್ಮಾ?"

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. "ನೋಡಿದ್ರಾ? ದಿನಾ ಇದನ್ನೇ ಕೇಳ್ತಾಳೆ. ನಾವು ಇಲ್ಲಿರೋದು ಅವರಿಗೆ ಇಷ್ಟ ಇಲ್ಲ ಆಂಟಿ. ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ಬೇಡವಾದ ಕಡೆ ಮಗೂನ್ನ ಬೆಳೆಸೋಕೆ ನನ್ನ ಕೈಲಾಗಲ್ಲ."

ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಸಿದ್ಧ ಔಷಧಿಗಳಿವೆ. ಎಲ್ಲವನ್ನೂ ಕೊಟ್ಟೆ. ದೊಡ್ಡ ಸಿಟಿಯಲ್ಲಿ ಒಂದು ಕನ್ನಡ ಗುಂಪು ಹುಡುಕಿ ಪರಿಚಯ ಮಾಡಿಸಿದೆ. ಎರಡು ಗಂಟೆಯ ದಾರಿ. ಹೋಗಿ ಬಂದಳು, ಬಂದ ಮೇಲೆ ಮನೆ ಇನ್ನೂ ಖಾಲಿ ಅನ್ನಿಸಿತಂತೆ. ಇಂಡಿಯನ್ ಗ್ರೋಸರಿ ಪೋಸ್ಟಿನಲ್ಲಿ ತರಿಸುವ ದಾರಿ ತೋರಿಸಿದೆ. ಕರಿಬೇವು ಬಂತು, ಗೆಳತಿಯರು ಬರಲಿಲ್ಲ. ಲೈಬ್ರರಿಯ ಕಥೆ ಹೇಳುವ ತರಗತಿಗೆ ಮಗಳನ್ನು ಕರೆದುಕೊಂಡು ಹೋಗು ಅಂದೆ. "ಪರಿಚಯವೇ ಇಲ್ಲದೆ ಹೋಗಿ ಹೆಂಗ್ ಕೂತ್ಕೊಳ್ಳೋದ್ರೀ?" ಅಂದಳು. ಡಿಸೆಂಬರಿಗೆ ಟಿಕೆಟ್ ನೋಡುತ್ತಿದ್ದಾಳೆಂದು ಗಂಡ ಮೆಸೇಜ್ ಮಾಡಿದ. ನಾನು ರಿಪೋರ್ಟಿನ ಮೊದಲ ಸಾಲನ್ನು ಬರೆದೂ ಬಿಟ್ಟಿದ್ದೆ, ವಾಪಸ್ ಕಳಿಸುವುದೇ ಒಳ್ಳೆಯದು ಎಂದು.

ಆಗ ಅವಳಿಂದ ಒಂದು ಫೋಟೋ ಬಂತು. ಅಂಗಡಿಯ ಗಾಜಿಗೆ ಅಂಟಿಸಿದ್ದ ನೋಟೀಸು. ಫೈರ್ ಸ್ಟೇಷನ್ನಿನಲ್ಲಿ ಸುಗ್ಗಿಯ ಊಟ, ಬರುವ ವಾರದ ಶನಿವಾರ. ಕೆಳಗೆ ದಪ್ಪಕ್ಷರದಲ್ಲಿ ಆಲ್ ವೆಲ್ಕಮ್. ಜೊತೆಗೆ ಅವಳ ಮಾತು: "ಆಂಟಿ, ನೀವು ಬರೆದಿದ್ದ ಊಟ. ಊರಿಗೂರೇ ಹೋಗುತ್ತಂತೆ. ನಮ್ಮನ್ನ ಕರೀಲಿಲ್ಲ ನೋಡಿ."

ಒಂದು ಮಾತು ಕರೆಯಬಾರದಿತ್ತೇ ಅನ್ನಿಸಿತು. ಮ್ಯಾನೇಜರಿಗೆ ತೋರಿಸಿದೆ. ಅವಳು ಬೆರಳಲ್ಲಿ ಫೋಟೋ ಹಿಗ್ಗಿಸಿ ನೋಡಿದಳು.

"ಕರೆದಿದ್ದಾರಲ್ಲ ಆಂಟಿ."

"ಎಲ್ಲಿ ಕರೆದಿದ್ದಾರೆ?"

"ಇಲ್ಲಿ ಲಾ. ಆಲ್ ವೆಲ್ಕಮ್. ಎಷ್ಟು ದೊಡ್ಡದಾಗಿ ಬರೆದಿದ್ದಾರೆ." ಸಿಂಗಾಪುರದವರ ಆ ಲಾ ಅವಳ ಕನ್ನಡದಲ್ಲೂ ಬರುತ್ತದೆ.

"ಅದು ಗಾಜಿಗೆ ಹೇಳಿದ್ದು ಮೈ ಡಿಯರ್. ಅವಳಿಗೆ ಯಾರು ಹೇಳಿದರು?"

ಅವಳು ನನ್ನ ಮುಖವನ್ನೇ ನೋಡಿ ನಗತೊಡಗಿದಳು. "ನಮ್ಮಮ್ಮನೂ ಹಿಂಗೇ. ಕಸಿನ್ ಮದುವೆಗೆ ವಾಟ್ಸಾಪ್‌ನಲ್ಲಿ ಕಾರ್ಡ್ ಬಂತು ಅಂತ ಹೋಗ್ಲೇ ಇಲ್ಲ. ಫೋನನ್ನ ಕರೆದಿದ್ದಾರೆ, ಫೋನೇ ಹೋಗಿ ಊಟ ಮಾಡ್ಕೊಂಡು ಬರ್ಲಿ ಅಂದ್ರು."

ನಾನೂ ನಕ್ಕೆ. ನಗುತ್ತಲೇ ಇನ್ನೊಂದು ನೋಟೀಸು ನೆನಪಾಯಿತು. ನಮ್ಮ ಬ್ಲಾಕಿನ ಲಿಫ್ಟಿನ ಪಕ್ಕ ಪ್ರತಿವರ್ಷ ಚೀನೀಯರ ಲಾಂದ್ರದ ಹಬ್ಬಕ್ಕೆ ನೋಟೀಸು ಬೀಳುತ್ತದೆ. ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ, ಟೀ, ಮೂನ್‌ಕೇಕ್, ಮಕ್ಕಳ ದೀಪಗಳು. ಎಲ್ಲ ನಿವಾಸಿಗಳಿಗೂ ಸ್ವಾಗತ. ನಾನು ಮಹಡಿಯ ಕಾರಿಡಾರಿನಿಂದ ಬಗ್ಗಿ ಆ ದೀಪಗಳನ್ನು ನೋಡುತ್ತೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಇಳಿದು ಹೋಗಿಲ್ಲ. ಯಾರೂ ಬಂದು ಕರೆದಿಲ್ಲವಲ್ಲ ಎಂದು. ಅದನ್ನು ನಾನು ಯೋಚನೆ ಎಂದು ಕೂಡ ತಿಳಿದಿರಲಿಲ್ಲ, ಅದು ಅಷ್ಟು ಸಹಜವಾಗಿತ್ತು.

ಇನ್ನು ದಾವಣಗೆರೆಯವಳಿಗೆ ಫೋನ್ ಮಾಡಿ, ಅಲ್ಲಿ ನೋಟೀಸೇ ಕರೆಯೋಲೆ, ಹೋಗು ಎಂದು ಹೇಳಬಹುದಿತ್ತು. ಹೇಳಿಯೂ ನೋಡಿದೆ. ಅವಳು ವಿಧೇಯಳಾಗಿ ಕೇಳಿಸಿಕೊಂಡಳು. "ಆಯ್ತು ಆಂಟಿ, ಅವರ ಪದ್ಧತಿ ಅದೇ ಅನ್ನಿ. ಆದ್ರೆ ನನ್ನ ಕಾಲು ಮುಂದೆ ಹೋಗಲ್ಲ. ಬಾಗಿಲಲ್ಲಿ ನಿಂತು, ನೀವ್ಯಾಕೆ ಬಂದ್ರಿ ಅನ್ನೋ ಹಂಗೆ ಒಬ್ರು ನೋಡಿದ್ರೂ ನಾನು ಸತ್ತೇ ಹೋಗ್ತೀನಿ." ಅವಳನ್ನು ತಪ್ಪು ಅನ್ನಲಾರೆ. ತಿಳಿವಳಿಕೆ ಬೇರೆ, ಕಾಲು ಬೇರೆ.

ಆ ಬೆಳಿಗ್ಗೆ ಕೂತು ಓವರ್‌ವ್ಯೂವಿನ ಖಾಲಿ ಟೆಂಪ್ಲೇಟ್ ತೆರೆದೆ. ಎಷ್ಟೋ ಊರುಗಳನ್ನು ಆ ಚೌಕಟ್ಟಿನೊಳಗೆ ಕೂರಿಸಿದ್ದೇನೆ. ಆದರೆ ಹೋಗುವವರಿಗೆ ಊರನ್ನು ವಿವರಿಸಿ ಕೊಟ್ಟೆವೇ ಹೊರತು, ಊರಿಗೆ ಹೋಗುವವರನ್ನು ಯಾರು ವಿವರಿಸಿದರು? ಊರಿನ ಹೆಸರು ಬರೆಯುವ ಜಾಗದಲ್ಲಿ ನಮ್ಮಂಥವರು ಎಂದು ಬರೆದೆ.

ಅದನ್ನು ಆ ಊರಿನ ಲೈಬ್ರರಿಗೆ ಕಳಿಸಲು ಮ್ಯಾನೇಜರ್ ಒಪ್ಪಲಿಲ್ಲ. "ಕ್ಲೈಂಟು ಕಂಪನಿ ಆಂಟಿ, ಊರಲ್ಲ. ಫ್ಯಾಮಿಲಿ ವಿಷಯ ಹೊರಗಡೆಯವರಿಗೆ ಹೇಳೋ ಹಾಗೇ ಇಲ್ಲ. ಏನಾದ್ರೂ ಆದ್ರೆ ನಮ್ಮಿಬ್ಬರ ಕೆಲಸಾನೂ ಹೋಗುತ್ತೆ."

"ಅವಳು ಒಪ್ಪಿದರೆ?"

"ಒಪ್ಪಿದ್ರೆ... ಬರೆದು ಕೊಡ್ಬೇಕು. ಅವರ ಕಷ್ಟದ ಬಗ್ಗೆ ಒಂದಕ್ಷರ ಇರಬಾರದು. ವಿಶೇಷಣ ಒಂದೂ ಇರಬಾರದು."

ದಾವಣಗೆರೆಯವಳನ್ನು ಒಪ್ಪಿಸುವುದೇ ಕಷ್ಟವಾಯಿತು. "ಕೇಳಿ ಕರೆಸ್ಕೊಂಡ ಹಂಗಾಗುತ್ತಲ್ರೀ ಆಂಟಿ," ಅಂದಳು. ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ನನಗೂ ಗೊತ್ತು. ಈ ಪುಟ ನಿನ್ನನ್ನು ಕರೆಯಿರಿ ಎಂದು ಹೇಳುವುದಿಲ್ಲ, ನಮ್ಮ ಕಡೆ ಕರೆಯುವುದು ಹೇಗೆ ಎಂದಷ್ಟೇ ಹೇಳುತ್ತದೆ, ಕರೆಯುವುದು ಬಿಡುವುದು ಅವರಿಗೆ ಸೇರಿದ್ದು ಅಂದೆ. ಅವಳು ಎದ್ದು ಒಲೆಯ ಮೇಲಿನ ಹಾಲು ಇಳಿಸಿ ಬಂದಳು. ಆಮೇಲೆ, "ನನ್ನ ಹೆಸರು ಬೇಡ. ಮತ್ತೆ, ಮೊಟ್ಟೆ ತಿನ್ನಲ್ಲ ಅಂತ ಬರೀರಿ," ಅಂದಳು. ಒಪ್ಪಿಗೆ ಎಂದು ತಿಳಿದೆ. ಸಂಜೆಗೆ ಬರೆದೂ ಕಳಿಸಿದಳು.

ಮೂರು ಸಲ ಬರೆದು ಅಳಿಸಿದೆ. ಮೊದಲನೆಯದು ಬೇಡಿದಂತಿತ್ತು. ಎರಡನೆಯದು ಮ್ಯೂಸಿಯಮ್ಮಿನ ಬೋರ್ಡಿನಂತಿತ್ತು, ನಾವೇನೋ ಗಾಜಿನ ಪೆಟ್ಟಿಗೆಯಲ್ಲಿರುವವರ ಹಾಗೆ. ಮೂರನೆಯದನ್ನು ಮ್ಯಾನೇಜರ್ ಓದಿ, "ಇದರಲ್ಲಿ ನಮ್ಮಮ್ಮ ಇಲ್ಲ," ಅಂದಳು. ಆಗ ಅವಳ ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡ ಹಾಗೆ ಮಾಡಿಕೊಂಡು ಬರೆದೆ. ಹಾರ್ಡ್‌ವೇರ್ ಅಂಗಡಿಯ ವೇಳೆ ಬರೆಯುವ ಅದೇ ಬೋಳು ಇಂಗ್ಲಿಷಿನಲ್ಲಿ:

ಇವರು ಕರೆಯದೆ ಬರುವುದಿಲ್ಲ. ಗೋಡೆಯ ಮೇಲಿನ ನೋಟೀಸು ಕರೆದಂತಲ್ಲ. ಮನೆಗೆ ಹೋಗಬೇಕು. ದಿನ, ಹೊತ್ತು ಬಾಯಲ್ಲಿ ಹೇಳಬೇಕು. ಅಯ್ಯೋ, ನಿಮಗ್ಯಾಕೆ ತೊಂದರೆ ಅನ್ನುತ್ತಾರೆ. ಅದು ಬೇಡ ಎಂದಲ್ಲ. ಇನ್ನೊಮ್ಮೆ ಹೇಳಿ. ಒಳಗೆ ಕರೆದರೆ ಹೋಗಿ. ಕೊಟ್ಟದ್ದನ್ನು ಕುಡಿಯಿರಿ. ಹೊರಡುವಾಗ ಹೆಂಗಸರ ಹಣೆಗೆ ಕುಂಕುಮ ಇಟ್ಟು ಏನಾದರೂ ಕೈಗೆ ಕೊಡಬಹುದು. ತೆಗೆದುಕೊಳ್ಳಿ. ಮೊಟ್ಟೆ, ಮಾಂಸ ತಿನ್ನುವುದಿಲ್ಲ. ತಾವು ಮಾಡಿ ತಂದದ್ದನ್ನು ಇತರರು ತಿಂದರೆ ಅವರಿಗೆ ಹೊಟ್ಟೆ ತುಂಬುತ್ತದೆ.

ಕೊನೆಯ ಸಾಲನ್ನು ಮ್ಯಾನೇಜರ್ ಅಳಿಸಲು ಹೋಗಿ, ಬಿಟ್ಟಳು.

ಲೈಬ್ರೇರಿಯನ್ನರಿಗೆ ಪುಟ ಕಳಿಸಿ, ಮರುದಿನ ಫೋನ್ ಮಾಡಿದೆ. ಗುಡ್ ಈವ್ನಿಂಗ್, ಗುಡ್ ಮಾರ್ನಿಂಗ್ ಆಯಿತು. ಪುಟ ಓದಿದೆ ಅಂದರು ಆಕೆ. ತಂತಿಯಾಚೆ ಗೂಡ್ಸ್ ರೈಲು ಹಾಯುವ ಸದ್ದು ದೀರ್ಘವಾಗಿ ಕೇಳಿಸಿತು, ಕೇಳುತ್ತಾ ನನ್ನ ಅಡುಗೆಮನೆಯೇ ಮೆಲ್ಲಗೆ ಸರಿಯುತ್ತಿದೆ ಅನ್ನಿಸಿತು.

ರೈಲು ಹೋದ ಮೇಲೆ ಆಕೆ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. "ಆ ಹೊಸ ಸಂಸಾರದವರಿಗೆ ತಮ್ಮಷ್ಟಕ್ಕೆ ತಾವಿರುವುದು ಇಷ್ಟ ಅಂದುಕೊಂಡಿದ್ದೆವು. ನನ್ನ ಅಮ್ಮನ ಕಾಲದಲ್ಲಿ ಹೊಸಬರ ಮನೆಗೆ ಪೈ ಹಿಡಿದುಕೊಂಡು ಹೋಗುತ್ತಿದ್ದರು. ಈಗ ಹಾಗೆ ಬಾಗಿಲು ತಟ್ಟಿದರೆ ತಲೆ ಹಾಕಿದಂತೆ. ಅವರಾಗಿ ಹೊರಗೆ ಬರಲಿ, ಒತ್ತಾಯ ಬೇಡ ಎಂದು ಕಾಯುತ್ತಿದ್ದೆವು. ಸಂಜೆ ಸಂಜೆ ಅವರ ಮನೆಯ ಮುಂದಿನ ದೀಪ ಉರಿಯುತ್ತಿರುತ್ತದೆ. ನಾನು ಅದೇ ದಾರಿಯಲ್ಲಿ ಮನೆಗೆ ಹೋಗುತ್ತೇನೆ."

ಆ ದೀಪ ಯಾಕೆ ಉರಿಯುತ್ತಿತ್ತು ಎಂದು ನಾನು ಹೇಳುವಂತಿರಲಿಲ್ಲ. ಹೇಳಲಿಲ್ಲ. ಅಲ್ಲಿ ಬಾಗಿಲೊಳಗೆ ಒಬ್ಬಳು ಹಾಲು ಕಾಯಿಸಿಟ್ಟು ಕಾಯುತ್ತಿದ್ದಾಳೆ, ಬಾಗಿಲಾಚೆ ಒಬ್ಬರು ಮರ್ಯಾದೆಗಾಗಿ ತಟ್ಟದೆ ನಡೆದು ಹೋಗುತ್ತಿದ್ದಾರೆ. ಅರ್ಧ ಭೂಮಿಯಾಚೆ ಕೂತ ನನಗೆ ಬಾಗಿಲಿನ ಎರಡೂ ಕಡೆ ಕಾಣುತ್ತಿತ್ತು.

"ಇನ್ನೊಮ್ಮೆ ಹೇಳಿ ಎಂದು ಬರೆದಿದ್ದೀರಿ," ಅಂದರು ಆಕೆ. "ಎಷ್ಟು ಸಲ?"

"ಅವಳು ನಗುವವರೆಗೆ," ಅಂದೆ.

ಆಮೇಲಿನ ದಿನಗಳಲ್ಲಿ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಇನ್ಯಾವುದೋ ಊರಿನ ಓವರ್‌ವ್ಯೂ ಬರೆಯುತ್ತಾ ಆ ಊರಿನ ಎಲಿವೇಟರನ್ನು ಅಲ್ಲಿ ತಂದು ನಿಲ್ಲಿಸಿಬಿಟ್ಟೆ. ಶನಿವಾರದ ಊಟ ಹತ್ತಿರವಾಗುತ್ತಿತ್ತು. ಅವಳಿಂದಲೂ ಸುದ್ದಿಯಿಲ್ಲ, ಲೈಬ್ರರಿಯಿಂದಲೂ ಇಲ್ಲ.

ಊಟಕ್ಕೆ ಎರಡು ದಿನ ಇರುವಾಗ, ನಾನು ಹಾಲು ಉಕ್ಕದಂತೆ ನೋಡುತ್ತಾ ನಿಂತಿದ್ದಾಗ, ಫೋನ್ ಬಂತು. ಮೊದಲ ಸಲ ನಿನ್ನೆಯೇ ನನಗೆ ಫೋನ್ ಮಾಡಿತ್ತು. ಲೈಬ್ರೇರಿಯನ್.

"ಒಂದು ಕೇಳಬೇಕಿತ್ತು," ಅಂದರು, ತಗ್ಗಿದ ದನಿಯಲ್ಲಿ. "ಈ ಕೆಂಪನ್ನು ಯಾವಾಗ ತೊಳೆಯಬಹುದು?"

ನಾನು ಒಲೆ ಆರಿಸಿದೆ.

"ಹೋಗಿದ್ದೆ. ನನ್ನ ಗಂಡನೂ ಬಂದಿದ್ದರು, ಚರ್ಚಿಗೆ ಹಾಕುವ ಭಾನುವಾರದ ಕೋಟು ಹಾಕಿಕೊಂಡು. ನೀವು ಬರೆದ ಹಾಗೆಯೇ ಅವಳು ನಿಮಗ್ಯಾಕೆ ತೊಂದರೆ ಅಂದಳು. ನಾನು ಇನ್ನೊಮ್ಮೆ ಹೇಳಿದೆ. ಮತ್ತೂ ಒಮ್ಮೆ. ಆಗ ಅಳತೊಡಗಿದಳು. ನಿಮ್ಮ ಪುಟದಲ್ಲಿ ಅದಿರಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋಗಿ ಕೂತೆವು. ಏಲಕ್ಕಿ ಹಾಕಿದ ಹಾಲು ಕೊಟ್ಟಳು. ಹಣೆಗೆ ಇದನ್ನಿಟ್ಟು, ಸೇಬಿನ ಹಣ್ಣು ಕೈಗೆ ಕೊಟ್ಟಳು. ವಾಪಸ್ ಬರುವಾಗ ಅಂಗಡಿಗೆ ಹೋಗಬೇಕಾಯಿತು. ಎಲ್ಲರೂ ನೋಡಿದರು. ಈಗ ಮುಖ ತೊಳೆಯಬೇಕು, ತೊಳೆದರೆ ತಪ್ಪಾಗುತ್ತದೋ ಏನೋ ಎಂದು."

"ಯಾವಾಗ ಬೇಕಾದರೂ ತೊಳೆಯಬಹುದು," ಅಂದೆ.

"ಹಾಗಾದರೆ ಬೆಳಿಗ್ಗೆ ತೊಳೆಯುತ್ತೇನೆ," ಅಂದರು.

ಊಟದ ವಿವರ ಆಮೇಲೆ ಅವಳಿಂದ ಕೇಳಿದೆ. ಅಂಗಡಿಯಲ್ಲಿ ಬೆಳಗಿನ ತಿಂಡಿಗೆಂದು ಮಾರುವ, ಸಕ್ಕರೆ ಹಾಕದ ಅಕ್ಕಿಯ ಪುರಿ ಸಿಕ್ಕಿತಂತೆ. ಅದನ್ನೇ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ ದೊಡ್ಡ ಪಾತ್ರೆ ತುಂಬ ಮಂಡಕ್ಕಿ ಉಸುಳಿ ಮಾಡಿಕೊಂಡು ಹೋದಳು. "ನಮ್ಮೂರ ಮಂಡಕ್ಕಿ ಮುಂದೆ ಅದೇನೂ ಅಲ್ಲ ಆಂಟಿ, ಕಾಗದ ತಿಂದಂಗಿತ್ತು. ಆದ್ರೂ ಪಾತ್ರೆ ಖಾಲಿ. ಬಸ್ ಡ್ರೈವರ್ ಮೂರು ಸಲ ಹಾಕಿಸ್ಕೊಂಡ. ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಸುರಿಸ್ಕೊಂಡು ಗುಡ್ ಗುಡ್ ಅಂತಿದ್ದ, ಪಾಪ." ಮಗಳು ಫೈರ್ ಎಂಜಿನ್ನಿನ ಮೇಲೆ ಹತ್ತಿ ಇಳಿಯಲೇ ಒಪ್ಪಲಿಲ್ಲವಂತೆ. ಡಿಸೆಂಬರಿನ ಟಿಕೆಟಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ರಿಪೋರ್ಟಿನ ಮೊದಲ ಸಾಲನ್ನು ಅಳಿಸಿ, ಒಟ್ಟಿಗೇ ಇರುತ್ತಾರೆ ಎಂದು ಬರೆದು ಮುಗಿಸಿದೆ. ಅದರಲ್ಲಿ ವಿಶೇಷಣವೇ ಇರಲಿಲ್ಲ.

ಆ ವರ್ಷವೂ ನಮ್ಮ ವಾಯ್ಡ್ ಡೆಕ್ಕಿನಲ್ಲಿ ದೀಪ ಹಚ್ಚಿದರು. ನಾನು ಕಾರಿಡಾರಿನಿಂದ ಬಗ್ಗಿ ನೋಡಿದೆ. ಎಲ್ಲ ತಿಳಿದಿದ್ದೂ ಇಳಿಯಲಿಲ್ಲ. ಯಾರೂ ಬಂದು ಕರೆಯಲಿಲ್ಲವಲ್ಲ. ಕೆಳಗೆ ಮಕ್ಕಳ ಕೆಂಪು ಲಾಂದ್ರಗಳು ಅತ್ತಿತ್ತ ತೇಲುತ್ತಿದ್ದವು, ಅವುಗಳ ನಡುವೆ ಎಲ್ಲೋ ಒಂದು ಉದ್ದನೆಯ ಮೇಜು, ಒಂದು ಬಿಳಿಯ ಗೋಪುರ.

ಚಳಿಗಾಲ ಕಳೆದು ಅಲ್ಲಿ ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಅವಳ ಕಾಲ್ ಬಂತು. ಸೀರೆ ಉಟ್ಟಿದ್ದಳು, ಮೇಲೆ ದಪ್ಪ ಕೋಟು. ಕಿಟಕಿಯಲ್ಲಿ ನಿನ್ನೆಯ ಬಿಸಿಲು ಇನ್ನೂ ಇತ್ತು.

"ಜಾಸ್ತಿ ಮಾತಾಡೋಕಾಗಲ್ಲ ಆಂಟಿ, ಹೊರಟಿದ್ದೀನಿ. ಫೈರ್ ಸ್ಟೇಷನ್‌ನಲ್ಲಿ ಪ್ಯಾನ್‌ಕೇಕ್ ಮಾಡ್ತಾರೆ, ಅದಕ್ಕೆ ಕರೆಯೋಕೆ. ಎಲಿವೇಟರ್ ಹಿಂದಿನ ಮನೆಗೆ ಯಾರೋ ವಯಸ್ಸಾದೋರು ಬಂದಿದ್ದಾರಂತೆ, ಒಬ್ರೇ. ಲೈಬ್ರರಿಯವರು ಫೋನ್ ಮಾಡಿ, ನೀನೇ ನಡಿ, ನಿನಗೆ ಕರೆಯೋದು ಗೊತ್ತು ಅಂದ್ರು. ಅವರೂ ಬರ್ತಿದ್ದಾರೆ."

"ಅವರು ಬೇಡ ಅಂದರೆ?"

"ಇನ್ನೊಂದ್ ಸಲ ಹೇಳೋದಪ್ಪ," ಅಂದು ನಕ್ಕಳು.

ಅವಳ ಹಿಂದೆ ಮಗಳು ಶೂ ಹಾಕಿಕೊಂಡು, ಎರಡೂ ಕೈಯಲ್ಲಿ ಒಂದು ಸೇಬು ಹಿಡಿದು, ಆಗಲೇ ಬಾಗಿಲು ತೆರೆದು ನಿಂತಿದ್ದಳು.

"ಬಾಮ್ಮಾ," ಅಂದಳು. "ಅವರು ಕಾಯ್ತಾ ಇರ್ತಾರೆ."